ನಡುಕದ ಕಾಯಿಲೆಗೆ ಮಿದುಳಿನ ಶಸ್ತ್ರಚಿಕಿತ್ಸೆ: ತೀರ್ಮಾನ ಯಾರದು?



1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮುಹಮ್ಮದ್ ಅಲಿಯವರು ನಡುಗುವ ಕೈಯಿಂದ ಜ್ಯೋತಿ ಬೆಳಗಿಸಿದ್ದನ್ನು ನಿಮ್ಮಲ್ಲಿ ಹಿರಿಯರಾದವರು ಟಿ.ವಿ.ಯಲ್ಲಿ ನೋಡಿರಬಹುದು. ಅವರಿಗಿದ್ದದ್ದು ಪಾರ್ಕಿನ್ಸನ್ ಕಾಯಿಲೆ. 1817ರಲ್ಲಿ ಇದನ್ನು ವಿವರಿಸಿ ಬರೆದ ಲಂಡನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್‌ರಿಂದ ಆ ಹೆಸರು ಬಂತು. ಆಯುರ್ವೇದದವರು ಕಂಪವಾತ ಎನ್ನುತ್ತಾರೆ. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ನಶಿಸುತ್ತಾ ಬಂದಂತೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ, ಬರೆದ ಅಕ್ಷರವೂ ಸಣ್ಣದಾಗುತ್ತದೆ.

ಲೆವೊಡೋಪ ಮಾತ್ರೆ ಮೊದಲ ಕೆಲವು ವರ್ಷ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬಳಿಕ ಅದರ ಗುಣ ಬೇಗ ಇಳಿಯತೊಡಗುತ್ತದೆ. ಮಾತ್ರೆ ಹಿಡಿದಾಗ ಪೇಟೆಗೆ ಹೋಗಿ ಬರುವವರು ಅದು ಇಳಿದಾಗ ಕುರ್ಚಿಯಿಂದ ಏಳಲಾರರು. ಪ್ರಮಾಣ ಹೆಚ್ಚಿಸಿದರೆ ಕೈಕಾಲು ತಾವಾಗಿಯೇ ತಿರುಚಿಕೊಳ್ಳುತ್ತವೆ. (ರಮಝಾನಿನಲ್ಲಿ ವೈದ್ಯರನ್ನು ಕೇಳದೆ ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ದಯವಿಟ್ಟು ಇದನ್ನು ಮನೆಯಲ್ಲಿ ಹೇಳಿರಿ.)

ಶಸ್ತ್ರಚಿಕಿತ್ಸೆಯ ಮಾತು ಬರುವುದು ಈ ಹಂತದಲ್ಲಿ. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ಮಿದುಳಿನ ಆಳಕ್ಕೆ ತೆಳುವಾದ ತಂತಿ ಇಳಿಸುತ್ತಾರೆ. ಎದೆಯ ಚರ್ಮದಡಿ ಪೇಸ್‌ಮೇಕರ್‌ನಂಥ ಸಾಧನವಿಟ್ಟು ಅದರಿಂದ ವಿದ್ಯುತ್ ಹರಿಸುತ್ತಾರೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆಳಕಿಗೆ ಬಂದ ಈ ವಿಧಾನ ಈಗ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ.

ಮಾಡಿಸಬೇಕೇ, ಬೇಡವೇ? ನಮ್ಮ ಮನೆಗಳಲ್ಲಿ ಇದು ಹೇಗೆ ತೀರ್ಮಾನವಾಗುತ್ತದೆಂದು ನಿಮಗೆ ಗೊತ್ತು. ಗಲ್ಫ್‌ನಲ್ಲಿರುವ ಮಗ ಫೋನಿನಲ್ಲಿ, ಹಣದ ಚಿಂತೆ ಬೇಡ, ಮಾಡಿಸಿಬಿಡಿ ಎನ್ನುತ್ತಾನೆ. ನೆರೆಯವರು, ತಲೆಗೆ ಕೈ ಹಾಕಿದರೆ ಮುಗಿಯಿತು ಎನ್ನುತ್ತಾರೆ. ರೋಗಿ ಮಾತ್ರ ಸುಮ್ಮನೆ ಕುಳಿತಿರುತ್ತಾರೆ. ಈ ಕಾಯಿಲೆಯಲ್ಲಿ ಸ್ವರ ತಗ್ಗುತ್ತದೆ, ಮುಖದಲ್ಲಿ ಭಾವ ಕಾಣಿಸುವುದಿಲ್ಲ. ಅವರಿಗೆ ಅಭಿಪ್ರಾಯವೇ ಇಲ್ಲವೆಂದು ನಾವು ತಿಳಿದುಬಿಡುತ್ತೇವೆ. ನನಗೆ ಇದು ಕಾಯಿಲೆಗಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಗುಣವಾಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ, ಗುಣವಾಗುವುದಿಲ್ಲ, ಕಾಯಿಲೆ ನಿಲ್ಲುವುದೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಮಾತ್ರೆ ಹಿಡಿದ ಹೊತ್ತಿನಲ್ಲಿ ಯಾವ ಯಾವ ಕೆಲಸ ಮಾಡಲಾಗುತ್ತದೆ? ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಆ ಒಳ್ಳೆಯ ಹೊತ್ತನ್ನೇ ದಿನದಲ್ಲಿ ಹೆಚ್ಚು ಮಾಡುತ್ತದೆ. ಮಾತ್ರೆಗೂ ಸರಿಹೋಗದ ತೊದಲು, ಬೀಳುವಿಕೆ, ಮರೆವು ಇದರಿಂದಲೂ ಸರಿಹೋಗುವುದು ಅಪರೂಪ, ಕೆಲವರಲ್ಲಿ ಮಾತು ಇನ್ನಷ್ಟು ಕೆಡುವುದೂ ಉಂಟು. ನಡುಕವೊಂದು ಇದಕ್ಕೆ ಹೊರತು, ಮಾತ್ರೆಗೆ ಬಗ್ಗದ ನಡುಕವೂ ತಗ್ಗಬಹುದು. ಅದಕ್ಕಾಗಿಯೇ ವೈದ್ಯರು ರಾತ್ರಿ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಒಮ್ಮೆ, ಮಾತ್ರೆ ಕೊಟ್ಟು ಮತ್ತೊಮ್ಮೆ ಪರೀಕ್ಷಿಸಿ ಹೋಲಿಸುತ್ತಾರೆ. ಮಿದುಳಿನಲ್ಲಿ ರಕ್ತಸ್ರಾವದ ಅಪಾಯ ನೂರರಲ್ಲಿ ಒಂದೆರಡು ಮಂದಿಗೆ ಇದೆ. ಸೋಂಕಿನ ಭಯವೂ ಇದೆ.

ಹಾಸಿಗೆ ಹಿಡಿದ ಮೇಲೆ ನೋಡೋಣ ಎಂದು ಮುಂದೂಡುವವರು ಹಲವರು. 2013ರಲ್ಲಿ ಜರ್ಮನಿ ಮತ್ತು ಫ್ರಾನ್ಸ್‌ನ ಅಧ್ಯಯನವೊಂದು ಪ್ರಕಟವಾಯಿತು. ಕಾಯಿಲೆ ಬಂದು ಸರಾಸರಿ ಏಳೂವರೆ ವರ್ಷವಾದವರಲ್ಲಿ, ಬರಿಯ ಔಷಧಿಯಲ್ಲಿದ್ದವರಿಗಿಂತ ಶಸ್ತ್ರಚಿಕಿತ್ಸೆಯಾದವರ ಬದುಕು ಎರಡು ವರ್ಷಗಳ ನಂತರ ಹೆಚ್ಚು ಸುಗಮವಾಗಿತ್ತು. ಮರೆವು ಆವರಿಸಿದ ಮೇಲಾದರೆ ವೈದ್ಯರೇ ಬೇಡವೆನ್ನಬಹುದು. ಹಾಗೆಂದು ಮಾತ್ರೆಯಲ್ಲೇ ದಿನವಿಡೀ ಚೆನ್ನಾಗಿರುವವರು ಅವಸರಪಡಬೇಕಾಗಿಲ್ಲ.

ಇನ್ನು ಖರ್ಚು. ಹಲವು ಲಕ್ಷ ರೂಪಾಯಿ ಬೇಕು, ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸಾಮಾನ್ಯ ಬ್ಯಾಟರಿಯನ್ನು ಮೂರರಿಂದ ಐದು ವರ್ಷಕ್ಕೆ ಬದಲಿಸಬೇಕು. ಚಾರ್ಜ್ ಮಾಡುವಂಥದ್ದು ಹತ್ತು ವರ್ಷಕ್ಕೂ ಮೇಲೆ ಬರುತ್ತದೆ, ಆದರೆ ಬೆಲೆ ಜಾಸ್ತಿ. ವಿದ್ಯುತ್ತಿನ ಪ್ರಮಾಣ ಹೊಂದಿಸಲು ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಹೋಗಬೇಕು. ಕಾರ್ಕಳದಿಂದಲೋ ಕಾಪುವಿನಿಂದಲೋ ಮಣಿಪಾಲಕ್ಕೆ ಬಸ್ಸು ಹತ್ತಿದರಾಯಿತು. ಬೆಂಗಳೂರಾದರೆ ಸುಮಾರು 400 ಕಿಲೋಮೀಟರ್, ಜೊತೆಗೊಬ್ಬರು ಬೇಕು. ಹಣ ಕಳುಹಿಸುವ ಮಗ ಆ ಜೊತೆಗಾರ ಯಾರೆಂಬುದನ್ನೂ ಮೊದಲೇ ಗೊತ್ತುಮಾಡಲಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಇಂಥ ಅಜ್ಜನೋ ಅಜ್ಜಿಯೋ ಇದ್ದರೆ ಒಂದು ವಾರ ನೋಟುಪುಸ್ತಕದಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಮಾತ್ರೆ ನುಂಗಿದರು, ಎಷ್ಟು ಹೊತ್ತು ಓಡಾಡಿದರು, ಯಾವಾಗ ಬಿಗಿದುಕೊಂಡರು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಹೋಗುವಾಗ ಅದನ್ನು ಕೊಂಡುಹೋಗಿ. ಅಲ್ಲಿ ವೈದ್ಯರು ಪ್ರಶ್ನೆ ಕೇಳಿದಾಗ ನೀವು ಬಾಯಿ ಹಾಕಬೇಡಿ. ಉತ್ತರ ನಿಧಾನವಾಗಿ, ಸಣ್ಣ ಸ್ವರದಲ್ಲಿ ಬರುತ್ತದೆ, ಅದು ಪೂರ್ತಿಯಾಗುವ ತನಕ ಕಾಯಿರಿ.