ಗುಂಪಿನಿಂದ ದೂರ ನಿಂತ ಚುಕ್ಕಿ

ಮಕ್ಕಳೇ, ಒಂದು ದೇಶದ ಜನ ಹೇಗಿದ್ದಾರೆ ಎಂದು ತಿಳಿಯಲು ಏನೇನು ಕೇಳಬೇಕು? ಸರಾಸರಿ ಎಷ್ಟು ವರ್ಷ ಬದುಕುತ್ತಾರೆ, ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಶಾಲೆಗೆ ಹೋಗುತ್ತಾರೆ, ಆದಾಯ ಎಷ್ಟು? ಇಂಥ ಒಂದೊಂದು ಅಳತೆಗೂ ಅಭಿವೃದ್ಧಿ ಸೂಚಕ ಎನ್ನುತ್ತಾರೆ. ವಿಶ್ವ ಬ್ಯಾಂಕ್ 200ಕ್ಕೂ ಹೆಚ್ಚು ದೇಶ, ಪ್ರದೇಶಗಳ ಸಾವಿರಕ್ಕೂ ಮಿಕ್ಕ ಸೂಚಕಗಳನ್ನು ಕೂಡಿಟ್ಟಿದೆ. ಕೆಲವಂತೂ 1960ರಿಂದಲೇ ಸಿಗುತ್ತವೆ. ಈ ಅಂಕಿಗಳ ರಾಶಿಯಲ್ಲಿ ಅಡಗಿರುವ ನಂಟುಗಳನ್ನು ಕಂಪ್ಯೂಟರಿನಿಂದ ಹುಡುಕಿಸುವುದೇ ಡೇಟಾ ಮೈನಿಂಗ್.

ಹುಣಸೆ, ಹೊಂಗೆ, ಸೀತಾಫಲದ ಬೀಜಗಳನ್ನು ಬೆರೆಸಿ ಕೊಟ್ಟರೆ, ಹೆಸರು ಗೊತ್ತಿಲ್ಲದ ಮಗುವೂ ಗಾತ್ರ, ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಮಾಡುತ್ತದೆ. ಕಂಪ್ಯೂಟರ್ ದೇಶಗಳನ್ನು ವಿಂಗಡಿಸುವುದೂ ಹಾಗೆಯೇ. ಪ್ರತಿ ದೇಶ ಒಂದು ಚುಕ್ಕಿ. ಮೊದಲು ಮೂರೋ ನಾಲ್ಕೋ ಕೇಂದ್ರಗಳನ್ನು ಅದು ಸುಮ್ಮನೆ ಊಹಿಸಿಕೊಳ್ಳುತ್ತದೆ. ಪ್ರತಿ ಚುಕ್ಕಿಯೂ ಹತ್ತಿರದ ಕೇಂದ್ರಕ್ಕೆ ಸೇರುತ್ತದೆ. ಆಮೇಲೆ ಕೇಂದ್ರವನ್ನು ಆ ಗುಂಪಿನ ನಟ್ಟನಡುವಿಗೆ ಸರಿಸಿ, ಮತ್ತೆ ಎಲ್ಲ ಚುಕ್ಕಿಗಳ ದೂರ ಅಳೆಯುತ್ತದೆ. ಯಾವ ಚುಕ್ಕಿಯೂ ಗುಂಪು ಬದಲಿಸದಿದ್ದಾಗ ಕೆಲಸ ಮುಗಿಯಿತು.

ಇಲ್ಲೊಂದು ಎಚ್ಚರ ಬೇಕು. ಆದಾಯ ಸಾವಿರಗಳಲ್ಲಿರುತ್ತದೆ, ಆಯಸ್ಸು ನೂರರೊಳಗೆ. ಹಾಗೇ ಬಿಟ್ಟರೆ ಹಣದ ಅಂಕಿಯೇ ಎಲ್ಲವನ್ನೂ ನಿರ್ಧರಿಸಿಬಿಡುತ್ತದೆ. ಅದಕ್ಕೇ ಮೊದಲು ಎಲ್ಲ ಸೂಚಕಗಳನ್ನೂ ಒಂದೇ ಅಳತೆಗೆ ತರುತ್ತಾರೆ.

ಆದಾಯ ಮತ್ತು ಆಯಸ್ಸಿನ ನಂಟನ್ನು 1975ರಲ್ಲೇ ಜನಸಂಖ್ಯಾ ತಜ್ಞ ಸ್ಯಾಮ್ಯುಯೆಲ್ ಪ್ರೆಸ್ಟನ್ ಒಂದು ರೇಖೆಯಲ್ಲಿ ತೋರಿಸಿದ್ದರು. ಬಡ ದೇಶದಲ್ಲಿ ಆದಾಯ ಸ್ವಲ್ಪ ಏರಿದರೂ ಆಯಸ್ಸು ಬೇಗ ಏರುತ್ತದೆ; ಸಿರಿವಂತ ದೇಶಗಳಲ್ಲಿ ಆ ಏರಿಕೆ ನಿಧಾನ. ಆದರೆ ನನಗೆ ರೇಖೆಗಿಂತ ಅದರಿಂದ ದೂರ ನಿಂತ ಚುಕ್ಕಿಗಳೇ ಇಷ್ಟ. ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟಾರಿಕಾ ನೋಡಿ. ಆದಾಯದಲ್ಲಿ ಅಮೆರಿಕಕ್ಕಿಂತ ಬಹಳ ಹಿಂದೆ, ಆಯಸ್ಸಿನಲ್ಲಿ ಮಾತ್ರ ಅದಕ್ಕೆ ಸರಿಸಮ! ನಮ್ಮ ನೆರೆಯ ಶ್ರೀಲಂಕಾದಲ್ಲೂ ಜನರ ಆಯಸ್ಸು ಅವರ ಆದಾಯ ನೋಡಿ ಊಹಿಸುವುದಕ್ಕಿಂತ ಹೆಚ್ಚು.

ಹೀಗೇಕೆ? ಕಂಪ್ಯೂಟರ್ ಚುಕ್ಕಿಯನ್ನು ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಎರಡು ಅಂಕಿಗಳು ಜೊತೆಯಾಗಿ ಏರಿದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಲಾಗದು. ಮನುಷ್ಯರೇ ಹೋಗಿ ವಿಚಾರಿಸಬೇಕು. ಹಾಗೆ ವಿಚಾರಿಸಿದವರಿಗೆ, 1970ರ ದಶಕದಲ್ಲಿ ಕೋಸ್ಟಾರಿಕಾದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಲಸಿಕೆ ಹಾಕಿದ ಆರೋಗ್ಯ ಕಾರ್ಯಕರ್ತರ ದುಡಿಮೆ ಕಂಡಿತು.

ವಿಶ್ವ ಬ್ಯಾಂಕಿನ ಈ ಅಂಕಿಅಂಶಗಳು ಯಾರಿಗಾದರೂ ಉಚಿತ. ನಿಮ್ಮ ಮೇಷ್ಟ್ರನ್ನು ಕೇಳಿ ಹತ್ತು ದೇಶಗಳ ಆದಾಯ, ಆಯಸ್ಸು ಬರೆದುಕೊಳ್ಳಿ, ಗ್ರಾಫ್ ಹಾಳೆಯಲ್ಲಿ ಚುಕ್ಕಿಯಿಡಿ. ಯಾವುದು ಗುಂಪು ಬಿಟ್ಟು ನಿಂತಿದೆಯೋ, ಆ ದೇಶದ ಬಗ್ಗೆ ಹುಡುಕಿ ಓದಿ.