ವಕೀಲರು, ಕಟಕಟೆ ಮತ್ತು ನಾವು

(ಹಾನಗಲ್ಲಿನಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಹೀಗೆ ನಾಲ್ಕೂ ತಾಲೂಕಿನಿಂದ ಬಸ್ಸು ಹಿಡಿದು ಬಂದಿದ್ದೀರಿ. ವರದಕ್ಷಿಣೆ ಕೆಟ್ಟದ್ದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಫಿರ್ಯಾದಿ ಕೊಟ್ಟ ಮೇಲೆ ಕೋರ್ಟಿನಲ್ಲಿ ಏನಾಗುತ್ತದೆ, ವಕೀಲರು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನಷ್ಟೇ ಹೇಳುತ್ತೇನೆ. ನಾನು ವಕೀಲಳಲ್ಲ, ಕಾಲೇಜಿನಲ್ಲಿ ಪಾಠ ಹೇಳಿದವಳು. ಕೋರ್ಟು ಕಂಡದ್ದು ಸಾಕ್ಷಿಯಾಗಿ.

1999ರ ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನ ಮನೆಯಲ್ಲಿ ಪೆಟ್ಟು ತಿಂದು ರಾತ್ರಿ ನನ್ನ ಮನೆಗೆ ಬಂದಳು. ಕೈ ಬಾತುಹೋಗಿತ್ತು. ಮರುದಿನ ಅವಳ ತಂದೆ ಬಂದು ಫಿರ್ಯಾದಿ ಬರೆಸಿದರು. ಜೊತೆಗೆ ಬಂದಿದ್ದ ಹಿರಿಯರೊಬ್ಬರು, "ಜಾಸ್ತಿ ಬರಸ್ರಿ, ಕೇಸ್ ಗಟ್ಟಿ ಆಗತೈತಿ" ಎಂದರು. ಕೊಟ್ಟದ್ದು ನಾಲ್ಕು ತೊಲಿ ಬಂಗಾರ, ಕಾಗದದಲ್ಲಿ ಎಂಟಾಯಿತು. ಹೊಡೆದವರು ಗಂಡ ಮತ್ತು ಅತ್ತೆ, ನಾದಿನಿಯ ಹೆಸರೂ ಸೇರಿತು. ನಾನು ಅಲ್ಲೇ ಇದ್ದೆ. ಸುಮ್ಮನಿದ್ದೆ.

ವಿಚಾರಣೆಗೆ ಬರುವಷ್ಟರಲ್ಲಿ ಎರಡು ವರ್ಷವಾಗಿತ್ತು. ಆರೋಪಿಗಳ ವಕೀಲನೂ ನನ್ನ ವಿದ್ಯಾರ್ಥಿಯೇ! ಪಾಟೀಸವಾಲಿನಲ್ಲಿ ಅವನು ಬಂಗಾರದ ಅಂಗಡಿಯ ಚೀಟಿ ತೆಗೆದ. ಆ ದಿನ ನಾದಿನಿ ಶಿಗ್ಗಾಂವಿಯಲ್ಲಿ ಹೆರಿಗೆಗೆ ಸೇರಿದ್ದಳೆಂಬ ಆಸ್ಪತ್ರೆಯ ಕಾಗದ ತೆಗೆದ. ಇದು ಸುಳ್ಳಾದರೆ ಉಳಿದದ್ದು ನಿಜವೆಂದು ನಂಬುವುದು ಹೇಗೆ ಎಂದು ವಾದಿಸಿದ. ಮೂವರೂ ಖುಲಾಸೆಯಾದರು. ಹೊರಗೆ ಬಂದು, "ಸಿಟ್ಟಾಗಬ್ಯಾಡ್ರಿ ಮೇಡಂ, ನನ್ನ ಕೆಲಸಾ ನಾ ಮಾಡೇನ್ರಿ" ಎಂದು ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದೆ.

ಇಷ್ಟು ವರ್ಷ ಅದನ್ನು ತೂಗಿ ನೋಡಿದ್ದೇನೆ. ಆರೋಪಿ ತಪ್ಪು ಮಾಡಿದ್ದಾನೆಂದು ತನಗೆ ಅನಿಸಿದರೂ ವಕೀಲ ಅವನ ಪರ ನಿಲ್ಲಬಹುದು. ವಕೀಲರ ಪರಿಷತ್ತಿನ ನಿಯಮ ಅದನ್ನು ಕರ್ತವ್ಯವೆಂದೇ ಹೇಳುತ್ತದೆ. ನಾಳೆ ನಮ್ಮ ಮಗನ ಮೇಲೆ ಸುಳ್ಳು ಕೇಸಾದರೆ ನಾವು ಹುಡುಕುವುದೂ ಅಂಥವನನ್ನೇ. ಎಂಟು ತೊಲಿಯ ಸುಳ್ಳು ಅವನದಲ್ಲ, ನಮ್ಮದು. ಆದರೆ ಅದೇ ದಿನ, "ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಯಾರ ಪಕ್ಕ ಕೂಡುತ್ತಿದ್ದೆ?" ಎಂದೂ ಕೇಳಿದ. ಅದಕ್ಕೂ ಬಾತ ಕೈಗೂ ಏನು ಸಂಬಂಧ? ಇದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅವಮಾನಿಸಲೆಂದೇ ಕೇಳುವ ಪ್ರಶ್ನೆಯನ್ನು ನ್ಯಾಯಾಧೀಶರು ತಡೆಯಬೇಕೆಂದು ಸಾಕ್ಷ್ಯದ ಕಾನೂನು ಆಗಲೂ ಹೇಳುತ್ತಿತ್ತು, 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾನೂನೂ ಹೇಳುತ್ತದೆ. ಆದರೆ ಯಾರಾದರೂ ಎದ್ದು ಆಕ್ಷೇಪಣೆ ಎತ್ತಬೇಕಲ್ಲ! ಸರಕಾರಿ ವಕೀಲರ ಮುಂದೆ ಕಡತಗಳ ರಾಶಿಯಿತ್ತು. ಅವಳನ್ನು ಅವರು ಮೊದಲು ಕಂಡದ್ದೇ ಆ ಬೆಳಿಗ್ಗೆ, ವರಾಂಡದಲ್ಲಿ.

ಸರಕಾರಿ ವಕೀಲರು ಸರಕಾರದ ವಕೀಲರು. ಕ್ರೌರ್ಯದ ಕೇಸಿನಲ್ಲಿ (ಆಗ 498-ಎ, ಈಗ ನ್ಯಾಯ ಸಂಹಿತೆಯ 85ನೇ ಕಲಮು) ನೀವು ಸಾಕ್ಷಿ ಮಾತ್ರ. ಆದರೆ 2009ರ ತಿದ್ದುಪಡಿಯಿಂದ, ನೊಂದವಳು ಕೋರ್ಟಿನ ಅನುಮತಿ ಪಡೆದು ಸರಕಾರಿ ವಕೀಲರಿಗೆ ನೆರವಾಗಲು ತನ್ನ ವಕೀಲರನ್ನು ಇಟ್ಟುಕೊಳ್ಳಬಹುದು. ಖುಲಾಸೆಯಾದರೆ ಮೇಲ್ಮನವಿಯನ್ನೂ ಹಾಕಬಹುದು. ಹಣವಿಲ್ಲವೇ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೆಂದು ಕೇಳುವಂತಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಪರಿಹಾರ ಬಂದರೆ ಇಷ್ಟು ಪಾಲು ಕೊಡು ಎಂದು ಯಾವ ವಕೀಲರೂ ಕರಾರು ಮಾಡುವಂತಿಲ್ಲ. ಕೇಳಿದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು.

ಇನ್ನೊಂದು ಮಾತು. ನಿಮ್ಮ ಗುಂಪಿನ ಸಾಲದ ಪುಸ್ತಕವನ್ನು ಜೋಪಾನ ಮಾಡಿ. ಗಂಡ ಪೀಡಿಸಿದನೆಂದು ಸಾಲ ಎತ್ತಿಕೊಟ್ಟಿದ್ದರೆ ಅದರಲ್ಲಿ ತಾರೀಖು, ಮೊತ್ತ, ಸಹಿ ಎಲ್ಲ ಇರುತ್ತದೆ. ಸಾಲ ಏಕೆ ಬೇಕೆಂದು ನಡಾವಳಿಯಲ್ಲಿ ಅಂದೇ ಬರೆಸಿ. ಪಾಟೀಸವಾಲಿನಲ್ಲಿ ಅಲುಗದೆ ನಿಲ್ಲುವುದು ಇಂಥ ಕಾಗದ. ಆಸ್ಪತ್ರೆಗೆ ಹೋದರೆ ಹೊಡೆದವರು ಯಾರೆಂದು ಹೇಳಿ ಬರೆಸಿ, 'ಬಿದ್ದೆ' ಎನ್ನಬೇಡಿ.

ನನ್ನ ಹುಡುಗಿ ಮರುವರ್ಷ ಜೀವನಾಂಶಕ್ಕೆ ಅರ್ಜಿ ಹಾಕಿದಳು. ಅದೇ ವಕೀಲ ಮತ್ತೆ ಎದ್ದು ನಿಂತ.

"ಬಂಗಾರ ಎಷ್ಟು?"

"ನಾಕ ತೊಲಿ ರೀ."

"ಹಿಂದ ಎಂಟ ಅಂದಿದ್ರಲ್ಲ?"

"ಅದು ಸುಳ್ಳ ಇತ್ರಿ. ಹೊಡದದ್ದು ಖರೇ ಐತ್ರಿ."

ಅವನು ಕಾಗದ ತಿರುವಿ ಕುಳಿತುಬಿಟ್ಟ. ಜೀವನಾಂಶ ಮಂಜೂರಾಯಿತು.