ಅದೇ ನೂರು ರೂಪಾಯಿ

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)





ಮೇಷ್ಟ್ರ ಅಭ್ಯಾಸ ನಿವೃತ್ತಿಯಾದರೂ ಬಿಡುವುದಿಲ್ಲ. ಆದ್ದರಿಂದ ಇಂದು ಒಂದು ಲೆಕ್ಕ ಮಾಡೋಣ. ಇದು ನೆರೆಯ ಶ್ರೀಲಂಕಾದ 2022ನೇ ಇಸವಿಯ ಲೆಕ್ಕ.

ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯದಲ್ಲಿ ಶಾಲಾ ಪರೀಕ್ಷೆಗಳನ್ನು ಮುಂದೂಡಿದರು. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದವಿರಲಿಲ್ಲ! ಕಾಗದ ಹೊರದೇಶದಿಂದ ಬರಬೇಕು, ತರಿಸಲು ಡಾಲರ್ ಬೇಕು, ಡಾಲರ್ ಬರಿದಾಗಿತ್ತು.

ಇದು ಒಂದೇ ದಿನದಲ್ಲಿ ಆದದ್ದಲ್ಲ. 2019ರ ಕೊನೆಯಲ್ಲಿ ಅಲ್ಲಿನ ಸರ್ಕಾರ ತೆರಿಗೆಗಳನ್ನು ಬಹಳ ಇಳಿಸಿತು. ಬೊಕ್ಕಸದ ವರಮಾನ ಕುಸಿಯಿತು. ಕೋವಿಡ್ ಬಂದು ಪ್ರವಾಸಿಗರು ನಿಂತರು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದ್ದರಿಂದ ಭತ್ತದ ಇಳುವರಿ ಬಿತ್ತು. ಖರ್ಚು ತೂಗಿಸಲು ಹೊಸ ಹಣ ಸೃಷ್ಟಿಸಿದರು. 2022ರ ಮಾರ್ಚ್ ಆರಂಭದಲ್ಲಿ ಅಲ್ಲಿನ 200 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್, ಮೇ ಹೊತ್ತಿಗೆ 360 ಮುಟ್ಟಿತು. ನಡುವೆ, ಏಪ್ರಿಲ್ 12ರಂದು, ವಿದೇಶಿ ಸಾಲ ಸದ್ಯಕ್ಕೆ ತೀರಿಸಲಾಗದು ಎಂದು ಸರ್ಕಾರವೇ ಸಾರಿತು.

ಸೆಪ್ಟೆಂಬರ್ ವೇಳೆಗೆ ಕೊಲಂಬೊದಲ್ಲಿ ಬೆಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು ಶೇ. 70ರಷ್ಟು, ಆಹಾರದ ಬೆಲೆ ಸುಮಾರು ಶೇ. 95ರಷ್ಟು ಏರಿದ್ದವು.

ಮಕ್ಕಳೇ, ಈಗ ಹೇಳಿ. ನೂರು ರೂಪಾಯಿಯ ಸಾಮಾನು 170 ಆದರೆ, ಹಳೆಯ ನೂರರ ನೋಟಿಗೆ ಎಷ್ಟು ಬರುತ್ತದೆ? ಅವಸರದಲ್ಲಿ ಮೂವತ್ತು ಎನ್ನುವವರೇ ಹೆಚ್ಚು. ನೂರನ್ನು 1.7ರಿಂದ ಭಾಗಿಸಿ. ಸುಮಾರು 59 ರೂಪಾಯಿಯಷ್ಟು ಸಾಮಾನು ಬರುತ್ತದೆ. ಊಟದ ಸಾಮಾನಾದರೆ 51 ಮಾತ್ರ. ನೋಟನ್ನು ಯಾರೂ ಕದಿಯಲಿಲ್ಲ, ಅದು ಜೇಬಿನಲ್ಲೇ ಇತ್ತು. ಆದರೂ ತಟ್ಟೆಯ ಅರ್ಧ ಊಟ ಹೋಯಿತು.

ಇನ್ನೊಂದು ತಪ್ಪು ದೊಡ್ಡವರು ಮಾಡುವಂಥದ್ದು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಹಣದುಬ್ಬರ ಶೇ. 1.3ಕ್ಕೆ ಇಳಿಯಿತು. ಹಾಗೆಂದು 170 ಆದದ್ದು ನೂರಕ್ಕೆ ಮರಳಲಿಲ್ಲ, 172 ಆಯಿತು. ಏರುವ ವೇಗ ತಗ್ಗಿತು, ಏರಿದ ಬೆಲೆ ಅಲ್ಲೇ ನಿಂತಿತು.

ಇಂಥ ಹೊತ್ತಿನಲ್ಲಿ ಅಂಗಡಿಯವರು ದರ ಏರಿಸಿಕೊಳ್ಳಬಹುದು, ಜಮೀನು ಇದ್ದವರ ಆಸ್ತಿಗೂ ಬೆಲೆ ಏರಬಹುದು. ನಿಗದಿತ ಮೊತ್ತವನ್ನೇ ನಂಬಿದವರಿಗೆ ಮಾತ್ರ ದಾರಿಯಿಲ್ಲ.

ನಮ್ಮಲ್ಲಿ ಬೆಲೆ ಅಷ್ಟು ರಭಸದಿಂದ ಏರಿಲ್ಲ. ಆದರೆ ವರ್ಷಕ್ಕೆ ಶೇ. 6ರಂತೆ ಏರಿದರೂ ಹನ್ನೆರಡು ವರ್ಷಕ್ಕೆ ಬೆಲೆ ದುಪ್ಪಟ್ಟಾಗುತ್ತದೆ. ನಾನು ಪಿಂಚಣಿದಾರ, ಬೆಲೆ ಏರಿದಾಗ ನನಗೆ ತುಟ್ಟಿಭತ್ಯೆ ಏರುತ್ತದೆ. ಇಲ್ಲಿ ಮುಂದೆ ಕೂತಿರುವ ಮಕ್ಕಳ ವಿದ್ಯಾರ್ಥಿವೇತನಕ್ಕೆ ತುಟ್ಟಿಭತ್ಯೆ ಯಾರು ಕೊಡಬೇಕು?

ದಾನಿಗಳಲ್ಲಿ ನನ್ನ ವಿನಂತಿ ಇಷ್ಟೆ. "ಹೋದ ವರ್ಷದಷ್ಟೇ ಈ ವರ್ಷವೂ" ಎಂದು ಬರೆಯುವ ಮುನ್ನ ನೋಟ್‌ಬುಕ್ಕಿನ, ಬಸ್ ಪಾಸಿನ, ಹಾಸ್ಟೆಲ್ ಊಟದ ಈಗಿನ ದರ ಒಮ್ಮೆ ಕೇಳಿ. ಹೆಚ್ಚಿಸಲು ಆಗದಿದ್ದರೆ ಸಂಕೋಚ ಬೇಡ. ನೀವು ಕೊಟ್ಟಿದ್ದೇ ದೊಡ್ಡದು. ಪೋಷಕರೇ, ನೀವೂ ಅರ್ಜಿಯಲ್ಲಿ ನಾಚಿಕೆಯಿಂದ ಖರ್ಚು ಕಡಿಮೆ ತೋರಿಸಬೇಡಿ. ನೀವು ನಿಜ ಬರೆದರೆ ಮಾತ್ರ ನಮ್ಮ ಲೆಕ್ಕ ಸರಿಯಾಗುತ್ತದೆ.